ಪಡೆದುದನ್ನು ಅರಿತವರು: ಫ. ಗು. ಹಳಕಟ್ಟಿಯವರ ಜೀವನ

ಕೃತಜ್ಞತೆ ಎಂಬ ಶಬ್ದವನ್ನು ನಾವು ನಿತ್ಯವೂ ಬಳಸುತ್ತೇವೆ. ಆದರೆ ಅದರ ಅರ್ಥವನ್ನು ಬಿಡಿಸಿ ನೋಡುವುದು ಅಪರೂಪ. ಕೃತವೆಂದರೆ ಮಾಡಲ್ಪಟ್ಟುದು, ಅದನ್ನು ಅರಿತವನು ಕೃತಜ್ಞ. ತನಗಾಗಿ ಯಾರು ಏನನ್ನು ಮಾಡಿದರೆಂಬುದನ್ನು ಬಲ್ಲವನೆಂಬುದೇ ಇದರ ತಾತ್ಪರ್ಯ. ಹಾಗೆ ಮಾಡಿದುದನ್ನು ಕೆಡಿಸುವವನು ಕೃತಘ್ನ. ಈ ಎರಡು ಪದಗಳಲ್ಲಿಯೂ ಬಾಯುಪಚಾರದ ಮಾತಿಗೆ ಎಡೆಯಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಉಪಕಾರ ಪಡೆದಾಗ ನಾಲ್ಕು ಜನರ ಮುಂದೆ ಕೈಮುಗಿದು ಮಾರನೆಯ ದಿನ ಮರೆತವನು ಕೃತಜ್ಞನಲ್ಲ. ಒಂದು ಮಾತನ್ನೂ ಆಡದೆ ಪಡೆದುದನ್ನು ಅರಿತು, ಕಾಪಾಡಿ, ಮುಂದಿನವರಿಗೆ ಮುಟ್ಟಿಸಿದವನೇ ಕೃತಜ್ಞ.

ನಮ್ಮ ಶರಣರು ಈ ಭಾವವನ್ನು ಪ್ರಸಾದವೆಂಬ ತತ್ತ್ವದಲ್ಲಿ ಅಡಗಿಸಿದರು. ಪ್ರಸಾದವೆಂದರೆ ಪ್ರಸನ್ನತೆ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ಭಕ್ತನಾಗಿ, ಮಹೇಶನಾಗಿ ನಿಷ್ಠೆಯಲ್ಲಿ ನೆಲೆಗೊಂಡವನು ಈ ಸ್ಥಲದಲ್ಲಿ ತನಗೆ ಬಂದುದೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ, ಪ್ರಸಾದವಾಗಿ ಮರಳಿ ಪಡೆಯುತ್ತಾನೆ. ಸಿಹಿಯನ್ನು ಮಾತ್ರ ಪ್ರಸಾದವೆಂದು ಕೊಂಡು ಕಹಿಯನ್ನು ತಟ್ಟೆಯ ಅಂಚಿಗೆ ಸರಿಸುವುದು ಪ್ರಸಾದಿಯ ಲಕ್ಷಣವಲ್ಲ. ಹಾಗೆಂದು ಪಡೆದಲ್ಲಿಗೆ ಕೆಲಸ ಮುಗಿಯುವುದೂ ಇಲ್ಲ. ಪಡೆದುದು ದಾಸೋಹವಾಗಿ ಹೊರಗೆ ಹರಿಯಬೇಕು. ಪ್ರಸಾದವು ಒಳಹರಿವಾದರೆ ದಾಸೋಹವು ಹೊರಹರಿವು. ಎರಡೂ ಇರುವ ಕೆರೆಯ ನೀರು ತಿಳಿಯಾಗಿರುತ್ತದೆ. ಹೊರಹರಿವಿಲ್ಲದ ಹೊಂಡದ ನೀರು ನಾರುತ್ತದೆ.

ಈ ತತ್ತ್ವವನ್ನು ವಿವರಿಸುವುದು ಸುಲಭ, ಬಾಳುವುದು ಕಠಿನ. ಬಾಳಿ ತೋರಿದವರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹಿಸಿ ನಿವೇದಿಸುತ್ತಿದ್ದೇನೆ. ಅವರು ಹನ್ನೆರಡನೆಯ ಶತಮಾನದ ಶರಣರಲ್ಲ. ರೈಲುಗಾಡಿಯೂ ಅಚ್ಚಿನ ಯಂತ್ರವೂ ನ್ಯಾಯಾಲಯವೂ ಇದ್ದ ನಮ್ಮ ಕಾಲಕ್ಕೆ ಸಮೀಪದವರು. ವಚನಪಿತಾಮಹರೆಂದು ನಾಡು ಕರೆದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರೇ ಆ ಮಹನೀಯರು.

ಅವರ ಕಥೆಯನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅಂತರಸನಹಳ್ಳಿಯಲ್ಲಿದ್ದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದು ಇದ್ದಿತು. ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ನಮ್ಮ ತಾತನವರು ಅದನ್ನು ಕೆಳಗಿಳಿಸಿ, ವಿಭೂತಿ ಧರಿಸಿ, ಪತ್ರೆ ಏರಿಸಿ, ಮಂಗಳಾರತಿ ಬೆಳಗಿ, ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದರು. ಅದನ್ನು ಬಿಚ್ಚಿ ಓದಿದವರನ್ನು ನಾನು ಕಾಣಲಿಲ್ಲ. ಒಂದು ವರ್ಷ ಇಳಿಸಿ ನೋಡಿದಾಗ ಗೆದ್ದಲು ಹಿಡಿದಿತ್ತು. ಭಿನ್ನವಾದುದನ್ನು ಮನೆಯಲ್ಲಿ ಇಡಬಾರದೆಂದು ತಾತನವರು ಅದನ್ನು ಭಕ್ತಿಯಿಂದಲೇ ಕೆರೆಯ ನೀರಿಗೆ ಬಿಟ್ಟರು. ಹುಡುಗನಾಗಿದ್ದ ನಾನು ದಡದಲ್ಲಿ ನಿಂತು ಗರಿಗಳು ಒಂದೊಂದಾಗಿ ಬಿಡಿಸಿಕೊಂಡು ತೇಲುವುದನ್ನು ನೋಡಿ ಸಂತೋಷಪಟ್ಟೆ. ಅದರಲ್ಲಿ ಯಾವ ಶರಣರ ನುಡಿಯಿತ್ತು, ಯಾವ ಪುರಾಣವಿತ್ತು, ಇಂದು ಹೇಳಬಲ್ಲವರಿಲ್ಲ. ನಾವು ಪೂಜಿಸಿದೆವು, ಆದರೆ ಅರಿಯಲಿಲ್ಲ. ಮುಂದೆ ಪಾಠಶಾಲೆಯಲ್ಲಿ ವಚನಗಳನ್ನು ಅಭ್ಯಾಸ ಮಾಡುವಾಗ, ಆ ಮುದ್ರಿತ ಪುಟಗಳು ಇಂಥವೇ ಕಟ್ಟುಗಳಿಂದ ಹೊರಬಂದವೆಂದು ತಿಳಿದ ದಿನ ನನ್ನ ಮನಸ್ಸಿಗೆ ಆದ ನೋವು ಇಂದಿಗೂ ಮಾಸಿಲ್ಲ. ಅಟ್ಟದಿಂದ ಕೆರೆಗೆ ಹೋಗಲಿದ್ದ ಕಟ್ಟುಗಳನ್ನು ತಡೆದು ನಿಲ್ಲಿಸಿದವರು ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕವೃತ್ತಿಯವರು, ಲೇಖಕರು, ತಾಯಿ ದಾನಮ್ಮನವರು. ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಬಾಳಿನ ಮೊದಲ ಪಾಠವೇ ಅಗಲಿಕೆಯಾಯಿತು. ಬರಿದಾದ ಆ ಮಡಿಲನ್ನು ಅಜ್ಜಿಯವರು ತುಂಬಿದರು. ತಾಯಿಯ ಮುಖವನ್ನು ನೆನೆಯಲಾರದಷ್ಟು ಎಳೆಯ ಮಗುವಿಗೆ ಇನ್ನೊಬ್ಬರ ತೋಳಿನಲ್ಲಿ ತಾಯ್ತನ ದೊರಕಿದುದು ಪ್ರಸಾದವಲ್ಲದೆ ಮತ್ತೇನು? ಕಳೆದುಕೊಂಡುದು ದೊಡ್ಡದು, ಸಂದೇಹವಿಲ್ಲ. ಆದರೆ ಕಳೆದುಹೋದ ಸ್ಥಳದಲ್ಲಿ ಯಾರೋ ಬಂದು ನಿಂತಿರುತ್ತಾರೆ; ದುಃಖದಲ್ಲಿ ನಮ್ಮ ದೃಷ್ಟಿ ಖಾಲಿಯಾದ ಸ್ಥಳದ ಮೇಲೆಯೇ ನೆಟ್ಟಿರುವುದರಿಂದ ಬಂದು ನಿಂತವರು ಕಾಣುವುದಿಲ್ಲ.

ಧಾರವಾಡದಲ್ಲಿ ವ್ಯಾಸಂಗ ಮಾಡಿ 1896ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣ ಫಕೀರಪ್ಪನವರು ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ವಿಜ್ಞಾನದಲ್ಲಿ ಪದವಿ ಪಡೆದು, ಬಳಿಕ ಕಾನೂನನ್ನು ಓದಿ, 1904ರಲ್ಲಿ ವಕೀಲಿಯ ಅರ್ಹತೆ ಪಡೆದರು. ಆಗಿನ ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಬೆಳೆಸುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಕನ್ನಡದ ಸ್ಥಿತಿ ಹೀನವಾಗಿದ್ದಿತು. ಈ ಹೋಲಿಕೆಯಿಂದ ಅವರಿಗೆ ಸಂಕಟವಾಯಿತು. ಆ ಸಂಕಟವು ಪರರ ಮೇಲಿನ ಅಸೂಯೆಗೆ ತಿರುಗದೆ ತಮ್ಮ ಮನೆಯಲ್ಲಿ ಏನಿದೆಯೆಂದು ಹುಡುಕುವ ಹಂಬಲಕ್ಕೆ ತಿರುಗಿತು.

ಕೆಲಕಾಲ ಬೆಳಗಾವಿಯಲ್ಲಿದ್ದು, ಅನಂತರ ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ಅವರು ವಕೀಲಿ ವೃತ್ತಿಯನ್ನು ಕೈಕೊಂಡರು. ವಿಜಯಪುರವೇ ಅವರ ಬಾಳಿನ ಕ್ಷೇತ್ರವಾಯಿತು. ಬುದ್ಧಿಯೂ ಶ್ರಮವೂ ಇದ್ದ ವಕೀಲರಿಗೆ ಅಂದಿನ ದಿನಗಳಲ್ಲಿ ಹಣಕ್ಕೂ ಮನ್ನಣೆಗೂ ಕೊರತೆಯಿರಲಿಲ್ಲ. ಆ ದಾರಿಯಲ್ಲಿಯೇ ಸಾಗಿದ್ದರೆ ಅವರು ಧನಿಕರಾಗಿ ಬಾಳಿ, ಮಕ್ಕಳಿಗೆ ಮಹಡಿಯ ಮನೆಯನ್ನು ಬಿಟ್ಟು ಹೋಗುತ್ತಿದ್ದರು. ನಾವು ಅವರ ಹೆಸರನ್ನು ಕೇಳುತ್ತಿರಲಿಲ್ಲ.

ವಕೀಲಿಯ ಆರಂಭದ ಆ ಕಾಲದಲ್ಲಿಯೇ ಗೃಹಸ್ಥರೊಬ್ಬರ ಮನೆಯಲ್ಲಿ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಬಿಚ್ಚಿ ಓದಿದಾಗ ಪ್ರಭುದೇವರೇ ಮೊದಲಾದ ಶರಣರ ವಚನಗಳು ಗೋಚರಿಸಿದವು. ಮುಂಬಯಿಯಲ್ಲಿ ಯಾವುದಕ್ಕಾಗಿ ಮನಸ್ಸು ಹಂಬಲಿಸಿತ್ತೋ ಅದು ಹಳ್ಳಿಯ ಮನೆಯೊಂದರಲ್ಲಿ ದಾರದಿಂದ ಕಟ್ಟಿಸಿಕೊಂಡು ಕುಳಿತಿತ್ತು. ಅದಕ್ಕೆ ಮೊದಲೇ ಕೆಲವು ವಚನಗ್ರಂಥಗಳು ಅಲ್ಲಲ್ಲಿ ಅಚ್ಚಾಗಿದ್ದುದುಂಟು. ಆದರೆ ವಚನವಾಙ್ಮಯವು ಎಷ್ಟು ವಿಸ್ತಾರವಾದುದು, ಎಷ್ಟು ಶರಣರು ನುಡಿದಿದ್ದಾರೆ, ಅವರಲ್ಲಿ ಎಷ್ಟು ವಿಧದ ಕಾಯಕದವರಿದ್ದರು ಎಂಬುದನ್ನು ಒಟ್ಟಾಗಿ ಕಂಡವರು ಇರಲಿಲ್ಲ.

ಆಗ ಅವರ ಅಲೆದಾಟ ಪ್ರಾರಂಭವಾಯಿತು. ಮಠಗಳಿಗೂ ಗೃಹಸ್ಥರ ಮನೆಗಳಿಗೂ ಹೋಗಿ, ಕಟ್ಟುಗಳನ್ನು ಬೇಡಿ, ಕೊಟ್ಟವರಿಂದ ತಂದು, ಕೊಡದವರಲ್ಲಿ ಕುಳಿತು ನಕಲು ಮಾಡಿ, ನೂರಾರು ಕಟ್ಟುಗಳನ್ನು ಸಂಗ್ರಹಿಸಿದರು. ಇಂದಿನ ಯುವಕರಿಗೆ ಈ ಕೆಲಸದ ಕಷ್ಟ ಸುಲಭವಾಗಿ ತಿಳಿಯದು. ಓಲೆಗರಿಯ ಮೇಲೆ ಬರೆಯುವವನು ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಾನೆ; ಮೇಲೆ ಮಸಿಯನ್ನು ತೀಡಿದಾಗ ಮಾತ್ರ ಅಕ್ಷರ ಕಾಣುತ್ತದೆ. ಮಸಿ ಅಳಿಸಿದ ಹಳೆಯ ಗರಿ ಮೇಲುನೋಟಕ್ಕೆ ಖಾಲಿಯಾಗಿಯೇ ತೋರುತ್ತದೆ. ಪದಪದಗಳ ನಡುವೆ ತೆರಪಿಲ್ಲ. ವಾಕ್ಯ ಮುಗಿದುದಕ್ಕೆ ಗುರುತಿಲ್ಲ. ಒಣಗಿದ ಗರಿ ಮುಟ್ಟಿದರೆ ಮುರಿಯುತ್ತದೆ. ಹುಳು ಕೊರೆದ ರಂಧ್ರ ಎಷ್ಟೋ ವೇಳೆ ಮುಖ್ಯವಾದ ಅಕ್ಷರವನ್ನೇ ನುಂಗಿರುತ್ತದೆ. ಒಂದು ವಚನದ ಶುದ್ಧಪಾಠವನ್ನು ನಿರ್ಣಯಿಸಲು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಹೋಲಿಸಿ ನೋಡಬೇಕು. ವಚನದ ಕೊನೆಯಲ್ಲಿ ಬರುವ ಅಂಕಿತವೊಂದೇ ಅದನ್ನು ನುಡಿದವರ ಗುರುತು. ಕೂಡಲಸಂಗಮದೇವನ ಅಂಕಿತ ಬಂದರೆ ಬಸವಣ್ಣನವರು, ಗುಹೇಶ್ವರನ ಅಂಕಿತ ಬಂದರೆ ಪ್ರಭುದೇವರು. ಆದರೆ ಯಾರದೆಂದು ಒಬ್ಬರಿಗೂ ತಿಳಿಯದ ಅಂಕಿತಗಳು ಎಷ್ಟೋ ಇದ್ದವು. ಹಗಲು ನ್ಯಾಯಾಲಯದ ಕಾಗದಗಳು, ರಾತ್ರಿ ದೀಪದ ಬೆಳಕಿನಲ್ಲಿ ಈ ಗರಿಗಳು. ಹೀಗೆ ವರ್ಷಗಳು ಉರುಳಿದವು. ಹಳಕಟ್ಟಿಯವರು ಕೈಹಾಕುವ ಮುನ್ನ ಹೆಸರು ತಿಳಿದಿದ್ದ ವಚನಕಾರರು ಸುಮಾರು 50 ಮಂದಿಯಾದರೆ, ಅವರ ಶೋಧನೆಯ ಬಳಿಕ ಆ ಸಂಖ್ಯೆ 200ನ್ನು ಮೀರಿತೆಂದು ವಿದ್ವಾಂಸರು ಎಣಿಸುತ್ತಾರೆ. ಅಂಬಿಗರು, ಮಾದಾರರು, ನೂಲು ಹೊಸೆಯುವವರು, ಚೆಲ್ಲಿದ ಅಕ್ಕಿಯನ್ನು ಆಯುವವರು, ಕಸ ಗುಡಿಸುವವರು, ಅವರ ಪುಣ್ಯಸ್ತ್ರೀಯರು, ಎಲ್ಲರೂ ತಮ್ಮ ತಮ್ಮ ಅಂಕಿತಗಳೊಡನೆ ಎದ್ದು ಬಂದು ಸಾಲಾಗಿ ನಿಂತಂತಾಯಿತು.

ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಈ ಶರಣರು ಹಳಕಟ್ಟಿಯವರಿಗೆ ಏನು ಕೊಟ್ಟಿದ್ದರು? ನುಡಿಯನ್ನು ಕೊಟ್ಟಿದ್ದರು. ಹಿಂದಕ್ಕೆ ಅವರಿಗೆ ಏನನ್ನಾದರೂ ಸಲ್ಲಿಸಲು ಸಾಧ್ಯವೇ? ಏಳು ಶತಮಾನಗಳಿಗೂ ಹಿಂದೆ ಬಯಲಾದವರಿಗೆ ಯಾವ ಕಾಣಿಕೆಯೂ ಮುಟ್ಟದು. ತಾಯಿತಂದೆಗಳ ಋಣವೂ ಗುರುವಿನ ಋಣವೂ ಬಹುಮಟ್ಟಿಗೆ ಹೀಗೆಯೇ. ತೀರಿಸಬೇಕೆಂದು ನಮಗೆ ಬುದ್ಧಿ ಬರುವ ವೇಳೆಗೆ ಪಡೆಯುವವರು ಇರುವುದಿಲ್ಲ. ಆಗ ಉಳಿಯುವ ದಾರಿ ಒಂದೇ. ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸಬೇಕು. ಹಳಕಟ್ಟಿಯವರು ಹಿಡಿದ ದಾರಿ ಇದೇ.

ಸಂಗ್ರಹಿಸಿದ ವಚನಗಳನ್ನು ಷಟ್‌ಸ್ಥಲದ ಕ್ರಮವನ್ನು ಅನುಸರಿಸಿ ವಿಷಯಾನುಗುಣವಾಗಿ ಜೋಡಿಸಿ, ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಅವರು ಸಿದ್ಧಪಡಿಸಿದರು. ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂತಿರುಗಿತು. ವರ್ಷಗಳ ರಾತ್ರಿಗಳನ್ನು ಸುರಿದು ಮಾಡಿದ ಕೆಲಸವು ಹಾಗೆಯೇ ಮರಳಿ ಬಂದಾಗ ಎಂಥವರಿಗೂ ಕೈಸೋಲುವುದು ಸಹಜ. ಹಳಕಟ್ಟಿಯವರು ಕೈಚೆಲ್ಲಲಿಲ್ಲ. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಗ್ರಂಥದ ಮೊದಲ ಭಾಗ ಅಚ್ಚಾಗಿ ಹೊರಬಂದಿತು. ವಚನಸಾಹಿತ್ಯವೆಂಬುದೊಂದು ಬೃಹತ್ತಾದ ಸಂಪತ್ತು ಕನ್ನಡದಲ್ಲಿದೆಯೆಂದು ನಾಡಿನ ವಿದ್ವಜ್ಜನರು ತಿಳಿದುದು ಬಹುಮಟ್ಟಿಗೆ ಅಂದಿನಿಂದ. ಮುಂದಿನ ಭಾಗಗಳು ಅನಂತರ ಬಂದವು.

ಪರರ ಮುದ್ರಣಾಲಯವನ್ನು ನಂಬಿ ಇಷ್ಟು ದೊಡ್ಡ ಕೆಲಸವನ್ನು ಸಾಗಿಸಲಾಗದೆಂದು ಅವರಿಗೆ ಮನವರಿಕೆಯಾಯಿತು. ಸ್ವಂತ ಮುದ್ರಣಾಲಯವನ್ನು ತೆರೆಯಲು ಹಣ ಬೇಕಾಗಿತ್ತು. ಅದಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿದರು. ವಾಚಕ ಮಹಾಶಯರು ಈ ಮಾತನ್ನು ಓದಿ ಮುಂದಕ್ಕೆ ಹೋಗಬಾರದೆಂದು ಪ್ರಾರ್ಥನೆ. ನಮ್ಮಲ್ಲಿ ಎಷ್ಟೋ ಜನ ಧರ್ಮಕ್ಕೆ ದಾನ ಮಾಡುತ್ತೇವೆ, ಉಳಿದುದರಲ್ಲಿ ಮಾಡುತ್ತೇವೆ. ತಲೆಯ ಮೇಲಿನ ಸೂರನ್ನು ಕೊಟ್ಟು ಅಚ್ಚಿನ ಮೊಳೆಗಳನ್ನು ಕೊಳ್ಳುವುದು ಉಳಿದುದರ ದಾನವಲ್ಲ. ಮನೆಯ ಯಜಮಾನರು ಹೀಗೆ ನಿರ್ಧರಿಸಿದಾಗ ಅದರ ಭಾರವನ್ನು ಮನೆಯೊಡತಿಯೂ ಮಕ್ಕಳೂ ಹೊರಬೇಕಾಗುತ್ತದೆ. ಆದುದರಿಂದ ಹಳಕಟ್ಟಿಯವರಿಗೆ ಸಲ್ಲಿಸುವ ನಮನದಲ್ಲಿ ಅವರ ಧರ್ಮಪತ್ನಿ ಭಾಗೀರಥಿಯವರಿಗೂ ಒಂದು ಪಾಲು ಸಲ್ಲಬೇಕು.

ಹೀಗೆ ಹುಟ್ಟಿದ ಹಿತಚಿಂತಕ ಮುದ್ರಣಾಲಯದಿಂದ 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಮರುವರ್ಷ ನವಕರ್ನಾಟಕ ಎಂಬ ವಾರಪತ್ರಿಕೆಯೂ ಆರಂಭವಾಯಿತು. ಶಿವಾನುಭವದ ಸಂಚಿಕೆಗಳಲ್ಲಿ ವಚನಗಳೂ, ಶರಣರ ಚರಿತ್ರೆಗಳೂ, ಹರಿಹರ ಕವಿಯ ರಗಳೆಗಳೇ ಮೊದಲಾದ ಪ್ರಾಚೀನ ಕೃತಿಗಳೂ ಬೆಳಕು ಕಂಡವು. ಮೂರು ದಶಕಗಳಿಗೂ ಮಿಕ್ಕಿ ಅವರು ಈ ಪತ್ರಿಕೆಯನ್ನು ನಡೆಸಿದರು. ಗ್ರಂಥಸಂಪಾದಕರೂ ಅವರೇ, ಕರಡು ತಿದ್ದುವವರೂ ಅವರೇ, ಚಂದಾದಾರರಿಗೆ ಕಾಗದ ಬರೆಯುವವರೂ ಅವರೇ. ಇಂಥ ಪತ್ರಿಕೆಗಳಿಗೆ ಓದುವವರು ಕೆಲವರು, ಚಂದಾ ಕಳುಹಿಸುವವರು ಅವರಲ್ಲಿಯೂ ಕೆಲವರು. ವರುಷವರುಷವೂ ನಷ್ಟವೇ ಕೈಗೆ ಬಂದರೂ ಪತ್ರಿಕೆ ನಿಲ್ಲಲಿಲ್ಲ. ವಕೀಲಿಯಿಂದ ಬಂದುದು ಮುದ್ರಣಾಲಯಕ್ಕೆ ಹೋಯಿತು. ಕ್ರಮೇಣ ವಕೀಲಿಯ ಕಡೆಗೆ ಗಮನ ಕುಗ್ಗಿ ಆ ಆದಾಯವೂ ಕಡಿಮೆಯಾಯಿತು.

ಆದರೆ ಅದೇ 1926ನೆಯ ವರ್ಷವು ಅವರಿಗೆ ಒಂದು ದೊಡ್ಡ ಸಂತೋಷವನ್ನೂ ತಂದಿತು. ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯನ್ನಿತ್ತು ನಾಡು ಅವರನ್ನು ಗೌರವಿಸಿತು. ಮನೆ ಹೋದುದೂ ಮನ್ನಣೆ ಬಂದುದೂ ಹೀಗೆ ಒಂದರ ಬೆನ್ನಿಗೆ ಒಂದು. ಮನ್ನಣೆ ಬಂದಿತೆಂದು ಅವರು ಅದರ ನೆರಳಿನಲ್ಲಿ ಕುಳಿತುಕೊಳ್ಳಲಿಲ್ಲ. ಮನೆ ಹೋಯಿತೆಂದು ಕೆಲಸವನ್ನು ಬಿಡಲಿಲ್ಲ. ಅವರ ಅಂತರಂಗದಲ್ಲಿ ಏನಿದ್ದಿತೋ ಕಂಡವರಾರು? ನಮಗೆ ಕಾಣುವುದು ನಡೆ ಮಾತ್ರ. ಸುಖ ಬಂದ ತಿಂಗಳಲ್ಲಿಯೂ ದುಃಖ ಬಂದ ತಿಂಗಳಲ್ಲಿಯೂ ಶಿವಾನುಭವಕ್ಕಾಗಿ ಒಂದೇ ಸಮನಾಗಿ ದುಡಿದ ಆ ನಡೆಯನ್ನು ಪ್ರಸಾದಿಯ ನಡೆಯೆನ್ನದೆ ಬೇರೇನೆನ್ನೋಣ?

ಗ್ರಂಥಗಳಲ್ಲಿಯೇ ಮುಳುಗಿ ಲೋಕವನ್ನು ಮರೆತ ಪಂಡಿತರು ಅವರೆಂದು ಯಾರೂ ಭಾವಿಸಬಾರದು. ವಚನಗಳನ್ನು ಅಚ್ಚುಮಾಡುವುದಕ್ಕೆ ಬಹಳ ಮೊದಲೇ, 1910ರಲ್ಲಿ, ವಿಜಯಪುರದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಅವರು ಸ್ಥಾಪಿಸಿದ್ದರು. ಬಿ.ಎಲ್.ಡಿ.ಈ. ಎಂಬ ಹೆಸರಿನಿಂದ ಆ ಸಂಸ್ಥೆ ಇಂದು ವಿಶಾಲವಾಗಿ ಬೆಳೆದಿದೆ. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಪದೇ ಪದೇ ಬರಗಾಲ ಬೀಳುವ ಆ ಸೀಮೆಯಲ್ಲಿ ರೈತನೂ ನೇಕಾರನೂ ಸಾಲಗಾರನ ಕೈಗೆ ಸಿಕ್ಕಿ ನಲುಗುತ್ತಿದ್ದ ಕಾಲವದು. ಹಲವರು ಸ್ವಲ್ಪ ಸ್ವಲ್ಪ ಹಣವನ್ನು ಒಂದೆಡೆ ಕೂಡಿಸಿ, ಅಗತ್ಯವಿದ್ದವನಿಗೆ ನ್ಯಾಯವಾದ ಬಡ್ಡಿಗೆ ಕೊಡುವ ಸಹಕಾರದ ಏರ್ಪಾಡು ದಾಸೋಹದ ಇನ್ನೊಂದು ಮುಖವೇ ಸರಿ. ಪುರಸಭೆಯಲ್ಲಿಯೂ, 1920ರ ದಶಕದ ಆರಂಭದಲ್ಲಿ ಮುಂಬಯಿಯ ಶಾಸನಸಭೆಯಲ್ಲಿಯೂ ಸದಸ್ಯರಾಗಿ ಸೇವೆ ಸಲ್ಲಿಸಿದರು. ಕನ್ನಡ ಮಾತನಾಡುವ ಜಿಲ್ಲೆಗಳೆಲ್ಲ ಒಂದಾಗಬೇಕೆಂಬ ಏಕೀಕರಣದ ಕಾರ್ಯದಲ್ಲಿಯೂ ಅವರು ಹೆಗಲು ಕೊಟ್ಟರು. ಇದ್ದ ಕಷ್ಟವನ್ನೆಲ್ಲ ಪ್ರಸಾದವೆಂದು ಸಹಿಸಿಕೊಳ್ಳಿರೆಂದು ಬಡವರಿಗೆ ಉಪದೇಶ ಮಾಡುವುದು ಸುಲಭ. ಹಳಕಟ್ಟಿಯವರು ಹಾಗೆ ಮಾಡಲಿಲ್ಲ. ತಮಗೆ ಬಂದ ಕಷ್ಟವನ್ನು ಸಹಿಸಿದರು. ನೆರೆಯವರ ಕಷ್ಟವನ್ನು ಪರಿಹರಿಸಲು ದುಡಿದರು. ಈ ಭೇದವನ್ನು ಮರೆತರೆ ಕೃತಜ್ಞತೆಯ ಬೋಧೆಯು ಉಳ್ಳವರ ಕೈಯಲ್ಲಿ ಇಲ್ಲದವರ ಬಾಯಿ ಮುಚ್ಚಿಸುವ ಸಾಧನವಾದೀತು.

ನಮ್ಮ ತುಮಕೂರು ಸೀಮೆಯವರು ಅವರಿಗೆ ವಿಶೇಷವಾಗಿ ಋಣಿಗಳು. ಅದರ ಕಾರಣವನ್ನು ಇಲ್ಲಿ ಹೇಳಬೇಕು. ಕಲ್ಯಾಣದಿಂದ ಚದುರಿದ ಶರಣರ ನುಡಿಗಳನ್ನು ವಿಜಯನಗರದ ಕಾಲದಲ್ಲಿ ವಿರಕ್ತರು ಹುಡುಕಿ, ಸಂಕಲಿಸಿ, ವ್ಯಾಖ್ಯಾನಿಸಿದರು. ಆ ಮಹಾಕಾರ್ಯದಲ್ಲಿ ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯದು ಮುಖ್ಯವಾದ ಪಾತ್ರ. ಆ ಪರಂಪರೆಯವರೇ ಆದ ಗೂಳೂರು ಸಿದ್ಧವೀರಣಾರ್ಯರು ಶೂನ್ಯಸಂಪಾದನೆಯ ಕೊನೆಯ ಪರಿಷ್ಕರಣವನ್ನು ರಚಿಸಿದರು. ತುಮಕೂರಿನಿಂದ ಕುಣಿಗಲಿಗೆ ಹೋಗುವ ಹಾದಿಯಲ್ಲಿ ಸಿಗುವ ಗೂಳೂರನ್ನು ದೊಡ್ಡ ಗಣಪತಿಯ ಜಾತ್ರೆಗಾಗಿ ನಮ್ಮವರೆಲ್ಲ ಬಲ್ಲರು. ಅದೇ ಊರಿನ ಹೆಸರನ್ನು ಹೊತ್ತ ಗ್ರಂಥವೊಂದು ಪ್ರಭುದೇವರನ್ನೂ ಬಸವಾದಿ ಪ್ರಮಥರನ್ನೂ ಸಂವಾದದ ರೂಪದಲ್ಲಿ ನಮ್ಮೆದುರು ನಿಲ್ಲಿಸುತ್ತದೆಂಬುದನ್ನು ಬಲ್ಲವರು ಎಷ್ಟು ಜನ? ಆ ಶೂನ್ಯಸಂಪಾದನೆಯನ್ನು 1930ರಲ್ಲಿ ಅಚ್ಚಿಗೆ ತಂದವರು ದೂರದ ವಿಜಯಪುರದ ಹಳಕಟ್ಟಿಯವರು. ನಮ್ಮ ನೆರೆಯ ಊರಿನ ಧನವನ್ನು ನಮ್ಮ ಕೈಗೆ ಮರಳಿ ಕೊಡಲು ಅಷ್ಟು ದೂರದವರೊಬ್ಬರು ತಮ್ಮ ಮನೆಯನ್ನು ಕಳೆದುಕೊಳ್ಳಬೇಕಾಯಿತು. ನಾವಾದರೋ ನಮ್ಮ ಅಟ್ಟದ ಕಟ್ಟನ್ನು ಕೆರೆಗೆ ಬಿಟ್ಟೆವು.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ ನಡೆದುದೆಂದು ಒಂದು ಪ್ರಸಂಗವನ್ನು ಹಿರಿಯರು ಹೇಳುತ್ತಾರೆ. ಆ ಪಟ್ಟಣಕ್ಕೆ ಬಂದವರೆಲ್ಲರೂ ಮೊದಲು ನೋಡುವುದು ಗೋಳಗುಮ್ಮಟವನ್ನು. ಶ್ರೀಯವರನ್ನೂ ಅಲ್ಲಿಗೆ ಕರೆದೊಯ್ಯಲು ಜನ ಸಿದ್ಧರಾದರಂತೆ. ಅವರಾದರೋ ತಾವು ಮೊದಲು ನೋಡಬೇಕಾದುದು ವಚನಗಳ ಗುಮ್ಮಟವನ್ನು ಎಂದು ಹೇಳಿ ಹಳಕಟ್ಟಿಯವರ ಮನೆಯ ಕಡೆಗೆ ನಡೆದರಂತೆ. ವಚನಗುಮ್ಮಟವೆಂಬ ಬಿರುದು ಹೀಗೆ ಬಳಕೆಗೆ ಬಂದಿತು. ಗೋಳಗುಮ್ಮಟದಲ್ಲಿ ಒಮ್ಮೆ ಆಡಿದ ಮಾತು ಹಲವು ಬಾರಿ ಮರುದನಿಗೊಳ್ಳುವುದನ್ನು ಕೇಳಿದವರಿಗೆ ಈ ಬಿರುದಿನ ಔಚಿತ್ಯವು ಹೊಳೆಯದಿರದು. ಶರಣರು ಒಮ್ಮೆ ನುಡಿದುದು ಹಳಕಟ್ಟಿಯವರಲ್ಲಿ ತಾಗಿ ನಾಡಿನ ಮೂಲೆಮೂಲೆಗೂ ಮರುನುಡಿಯಿತು.

ಹೊರಗೆ ಬಿರುದು, ಒಳಗೆ ಬಡತನ. ಹಳೆಯ ಕೋಟು, ತಲೆಗೊಂದು ಟೋಪಿ, ಓಡಾಡಲು ಸೈಕಲ್ಲು. ಇದಿಷ್ಟೇ ಅವರ ವೈಭವವಾಗಿತ್ತೆಂದು ಕಂಡವರು ಹೇಳಿದ್ದಾರೆ. ಸ್ವಂತ ಮನೆ ಮತ್ತೆ ಆಗಲಿಲ್ಲ; ಬಾಡಿಗೆಯ ಮನೆಯಲ್ಲಿಯೇ ಬಾಳು ಸಾಗಿತು. ಬ್ಯಾಂಕನ್ನು ಕಟ್ಟಿದವರ ಕೈಯಲ್ಲಿ ಹಣ ನಿಲ್ಲಲಿಲ್ಲ. ವಿದ್ಯಾಸಂಸ್ಥೆಯನ್ನು ಕಟ್ಟಿದವರಿಗೆ ಸ್ವಂತದ ಸೂರು ಉಳಿಯಲಿಲ್ಲ. 1956ರಲ್ಲಿ, ಕನ್ನಡನಾಡು ಒಂದಾದ ವರ್ಷದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಆಗ ಅವರ ವಯಸ್ಸು 76. 1964ರ ಜೂನ್ 29ರಂದು, 84 ವರ್ಷ ತುಂಬಲು ಮೂರೇ ದಿನಗಳಿರುವಾಗ, ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಅವಶ್ಯ. ಮಹಾತ್ಮರ ಬಡತನವನ್ನು ವರ್ಣಿಸಿ, ಅದನ್ನೇ ಅವರ ಆಭರಣವೆಂದು ಹೊಗಳಿ, ಕಣ್ಣೊರಸಿಕೊಂಡು ಮನೆಗೆ ಹೋಗುವುದು ನಮಗೆ ರೂಢಿಯಾಗಿದೆ. ಹಳಕಟ್ಟಿಯವರು ತಮ್ಮ ಪಾಲಿಗೆ ಬಂದುದನ್ನು ಪ್ರಸನ್ನತೆಯಿಂದ ಸ್ವೀಕರಿಸಿದರೆಂಬುದು ಅವರ ಹಿರಿಮೆ. ಅವರ ಹೆಗಲಿನ ಹೊರೆಯಲ್ಲಿ ಒಂದು ಪಾಲನ್ನಾದರೂ ಸಮಾಜವು ಸಕಾಲದಲ್ಲಿ ಹೊರಲಿಲ್ಲವೆಂಬುದು ನಮ್ಮ ಕೊರತೆ. ಅವರ ಸಹನೆಯಿಂದ ನಮ್ಮ ಸಾಲ ತೀರುವುದಿಲ್ಲ. ಕೊಟ್ಟವನು ಕೇಳಲಿಲ್ಲವೆಂಬ ಕಾರಣದಿಂದ ಪಡೆದವನು ಋಣಮುಕ್ತನಾಗುವನೇ? ಉಪಕಾರಿಯ ಮೌನವು ಋಣವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆಮಾಡುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ತಾಯಿ ಎಂದೂ ದೂರುವುದಿಲ್ಲ. ಅದನ್ನೇ ನೆಪವಾಗಿಸಿಕೊಂಡು ನಾವು ಅರಿಯದವರಂತೆ ಕೈತೊಳೆಯುತ್ತೇವೆ. ಅರಿಯದವರಂತಿರುವುದೇ ಕೃತಘ್ನತೆಯ ಮೊದಲ ಮೆಟ್ಟಿಲು.

ಹಾಗಾದರೆ ಇಂದು ನಾವು ಮಾಡಬೇಕಾದುದೇನು? ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ವಚನಸಾಹಿತ್ಯ ಸಂರಕ್ಷಣೆಯ ದಿನವೆಂದು ನಾಡಿನಲ್ಲಿ ಆಚರಿಸುತ್ತಾರೆ; ಅದು ಉಚಿತವೇ. ಅವರು ಹಾಕಿದ ಅಡಿಗಲ್ಲಿನ ಮೇಲೆ ಅನೇಕ ವಿದ್ವಾಂಸರು ದುಡಿದು, 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ಹಿಂದೆ ಊರೂರು ಅಲೆದರೂ ಸಿಗದಿದ್ದುದು ಇಂದು ಕೈಯಳತೆಯಲ್ಲಿದೆ. ಆದರೆ ಕೆಂಪು ವಸ್ತ್ರದ ಕಟ್ಟು ಅಟ್ಟದಲ್ಲಿದ್ದಂತೆ ಮುದ್ರಿತ ಸಂಪುಟಗಳು ಗಾಜಿನ ಕಪಾಟಿನಲ್ಲಿ ಕುಳಿತರೆ ನಾವು ಮುಂದೆ ಬಂದುದೆಲ್ಲಿಗೆ? ಗೆದ್ದಲಿಗೆ ಓಲೆಯೆಂದೂ ಕಾಗದವೆಂದೂ ಭೇದವಿಲ್ಲ. ಓದದ ಗ್ರಂಥವನ್ನು ಪೂಜಿಸುವುದು, ತಂದೆಯ ಪಟಕ್ಕೆ ಹೂವು ಹಾಕಿ ತಂದೆಯ ಮಾತನ್ನು ಮೀರುವುದಕ್ಕೆ ಸಮಾನ.

ನಮ್ಮ ಶಾಲೆಯ ಮಕ್ಕಳು ಪ್ರತಿದಿನ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಒಂದೊಂದು ವಚನವನ್ನು ಹೇಳುತ್ತಾರೆ. ಕೆಲವು ವರ್ಷಗಳಿಂದ ನಾನು ಒಂದು ಚಿಕ್ಕ ಪದ್ಧತಿಯನ್ನು ಇರಿಸಿಕೊಂಡಿದ್ದೇನೆ. ವಚನ ಹೇಳಿದ ಮಗುವು ಆ ಶರಣರ ಹೆಸರನ್ನೂ ಅವರ ಕಾಯಕವನ್ನೂ ಹೇಳಬೇಕು. ಅನಂತರ ಅಂದು ತಾನು ಉಂಡ ಅನ್ನ, ತೊಟ್ಟ ಬಟ್ಟೆ, ಕಲಿತ ಅಕ್ಷರ, ಇವುಗಳಲ್ಲಿ ಯಾವುದಾದರೊಂದರ ಹಿಂದೆ ದುಡಿದವರೊಬ್ಬರನ್ನು ನೆನೆಯಬೇಕು. ಮೊದಮೊದಲು ಮಕ್ಕಳು ತಾಯಿತಂದೆಗಳನ್ನೇ ಹೇಳುತ್ತಿದ್ದರು. ಈಚೆಗೆ ಅವರ ದೃಷ್ಟಿ ದೂರ ಹೋಗತೊಡಗಿದೆ. ನಮ್ಮೂರಿನ ತರಕಾರಿ ಮಾರುಕಟ್ಟೆಯಲ್ಲಿ ನಸುಕಿನಲ್ಲಿ ಮೂಟೆ ಇಳಿಸುವ ಹಮಾಲರನ್ನು ಒಂದು ಮಗು ನೆನೆಯಿತು. ಹಿಂದಿನ ದಿನ ತಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡಿದ್ದರೂ ಶಾಲೆಗೆ ಬಂದಿದ್ದ ಮಗುವೊಂದು, ರಾತ್ರಿಯೆಲ್ಲ ತನ್ನನ್ನು ಮಡಿಲಲ್ಲಿ ಮಲಗಿಸಿಕೊಂಡ ಪಕ್ಕದ ಮನೆಯ ಅಜ್ಜಿಯ ಹೆಸರನ್ನು ಹೇಳಿತು. ದುಃಖದ ಮರುದಿನವೇ ಆ ಮಗುವಿಗೆ ಬಂದು ನಿಂತವರು ಕಂಡರಲ್ಲಾ ಎಂದು ನನ್ನ ಕಣ್ಣು ತುಂಬಿತು. ಐವತ್ತು ದಾಟಿದ ನನಗೆ ಅಷ್ಟು ಬೇಗ ಕಾಣುವುದಿಲ್ಲ.

ಸುಖ ಬಂದಾಗ ಇದು ನನ್ನೊಬ್ಬನದಲ್ಲವೆಂದು ಅರಿಯುವುದು, ದುಃಖ ಬಂದಾಗ ನಾನು ಒಬ್ಬನೇ ಅಲ್ಲವೆಂದು ಅರಿಯುವುದು, ಎರಡೂ ಕಾಲದಲ್ಲಿ ಕೈಯ ಕೆಲಸವನ್ನು ಬಿಡದೆ ಮುಂದಿನವರಿಗೆ ಮುಟ್ಟಿಸುವುದು. ಪ್ರಸಾದವೂ ದಾಸೋಹವೂ ಕೂಡಿದ ಕೃತಜ್ಞತೆಯೆಂದರೆ ಇಷ್ಟೇ. ಹಳಕಟ್ಟಿಯವರು ಇದನ್ನು ಬೋಧಿಸುತ್ತ ಕೂರಲಿಲ್ಲ. ಅಚ್ಚಿನ ಮೊಳೆಗಳನ್ನು ಜೋಡಿಸಿದಂತೆ ದಿನದಿನವನ್ನೂ ಜೋಡಿಸಿ ತೋರಿದರು. ಈ ಲೇಖನವನ್ನು ಓದಿದ ಸದ್ಭಕ್ತರು ಇಂದೇ ತಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಲೆಂದು ನನ್ನ ವಿನಂತಿ. ಅಲ್ಲಿ ಹಳೆಯ ಕಟ್ಟೇನಾದರೂ ಇದ್ದರೆ ಅದನ್ನು ನೀರಿಗೆ ಬಿಡದೆ ಬಲ್ಲವರ ಕೈಗೆ ಕೊಡಲಿ. ಕಟ್ಟು ಇಲ್ಲದಿದ್ದರೆ ಕಪಾಟಿನಲ್ಲಿರುವ ಗ್ರಂಥವೊಂದನ್ನು ತೆಗೆದು, ಧೂಳನ್ನು ಒರಸಿ, ಮನೆಯ ಮಗುವೊಂದನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಒಂದು ವಚನವನ್ನು ಓದಲಿ. ವಚನಪಿತಾಮಹರಿಗೆ ನಾವು ಸಲ್ಲಿಸಬಹುದಾದ ಪೂಜೆ ಅದಕ್ಕಿಂತ ಮಿಗಿಲಾದುದು ಇಲ್ಲ.